ಬಾಂಟಮ್ ಕೋಳಿಯ ನೀಲಿ ಬಣ್ಣ

ಟೊರಾಂಟೋದಲ್ಲಿ 1922ರಲ್ಲಿ ಆರಂಭವಾದ ರಾಯಲ್ ಅಗ್ರಿಕಲ್ಚರಲ್ ವಿಂಟರ್ ಫೇರ್‌ನ ಕೋಳಿ ಪ್ರದರ್ಶನದಲ್ಲಿ ನನ್ನ ಮನಸೆಳೆದವು ನೀಲಿ ಬಾಂಟಮ್‌ಗಳು. ಜಾವಾದ ಬಾಂಟೆನ್ ರೇವಿನಿಂದ ಹೆಸರು ಪಡೆದ ಈ ಗಿಡ್ಡ ಕೋಳಿಗಳಲ್ಲಿ ನೀಲಿಯೆಂದರೆ ಬೂದಿ ಬೆರೆತ ಛಾಯೆ. ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನೇ ಕೂಡಿಸಿದರೂ ಮರಿಗಳಲ್ಲಿ ಸರಾಸರಿ ಅರ್ಧದಷ್ಟೇ ನೀಲಿ. ಕಾಲುಭಾಗ ಕಪ್ಪು, ಉಳಿದ ಕಾಲುಭಾಗ ನೀಲಿ ಚುಕ್ಕೆಗಳ ಬಿಳಿ. ವಿಚಿತ್ರವೆಂದರೆ, ಈ ಕಪ್ಪು ಬಿಳಿಗಳನ್ನು ಕೂಡಿಸಿದಾಗ ಮರಿಗಳೆಲ್ಲವೂ ನೀಲಿ! ಆದುದರಿಂದ ಬಣ್ಣ ತಪ್ಪಿತೆಂದು ಒಳ್ಳೆಯ ಮೈಕಟ್ಟಿನ ಮರಿಯನ್ನು ಕೈಬಿಡುವುದು ಅವಿವೇಕ. ಬೆನ್ನು, ಎದೆ, ಬಾಲಗಳ ನಿಲುವು ಅನೇಕ ವಂಶವಾಹಿಗಳ ಫಲ. ತಿದ್ದಲು ತಲೆಮಾರುಗಳೇ ಬೇಕು. ನೀಲಿಯಾದರೋ ಒಂದೇ ವಂಶವಾಹಿಯ ಲೀಲೆ; ಮುಂದಿನ ಮರಿಗಳಲ್ಲೇ ಮರಳಿ ದೊರೆತೀತು. ತಳಿ ಸುಧಾರಿಸುವವರು ಮೊದಲು ಮೈಕಟ್ಟನ್ನು ನೋಡಬೇಕು, ಬಳಿಕ ಬಣ್ಣವನ್ನು.