ನೆಲದೊಳಗಿನ ಶಾಖ, ಕಚೇರಿಯ ಕಡತ

ಮಡಿಕೇರಿಯಿಂದ ಘಟ್ಟ ಇಳಿದು ಪುತ್ತೂರು ತಾಲ್ಲೂಕು ಸೇರಿದರೆ ಇರ್ದೆ ಗ್ರಾಮದಲ್ಲಿ ‘ಬೆಂದ್ರು ತೀರ್ಥ’ ಎಂಬ ಬಿಸಿನೀರಿನ ಬುಗ್ಗೆಯಿದೆ. ಅಲ್ಲಿ ದಾಖಲಾಗಿರುವ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್. ಇಂಥ ಶಾಖದಿಂದ ಕೊಡಗಿನ ಮನೆಗಳಿಗೆ ವಿದ್ಯುತ್ ಪಡೆಯಬಹುದೇ?

ಸದ್ಯಕ್ಕೆ ಕಷ್ಟ. ಭೂಮಿಯೊಳಗೆ ಇಳಿದಂತೆ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಶಾಖ ಏರುತ್ತದೆ. ನಮ್ಮಂಥ ಪುರಾತನ ಶಿಲಾಪ್ರದೇಶಗಳಲ್ಲಿ ಇನ್ನೂ ಕಡಿಮೆ. ವಿದ್ಯುತ್ ತಯಾರಿಸಲು ಹೆಚ್ಚಾಗಿ 100 ಡಿಗ್ರಿ ಮೀರಿದ ನೀರು ಅಥವಾ ಹಬೆ ಬೇಕು. ಲಡಾಖಿನ ಪೂಗಾ ಕಣಿವೆಯಲ್ಲಿ ನೀರು ನೆಲದ ಮೇಲೆಯೇ ಕುದಿಯುತ್ತದೆ. ಆದ್ದರಿಂದ ಅಲ್ಲಿ 1 ಮೆಗಾವಾಟ್‌ನ ಪ್ರಾಯೋಗಿಕ ಸ್ಥಾವರಕ್ಕಾಗಿ 2021ರಲ್ಲಿ ಒಪ್ಪಂದವಾಯಿತು.

ನೆಲದಡಿ ಎಷ್ಟು ಶಾಖವಿದೆ ಎಂಬುದು ಬಾವಿ ಕೊರೆದ ಮೇಲಷ್ಟೇ ಖಚಿತ. ಕೊರೆಯಲು ಮೊದಲು ಅನುಮತಿ ಬೇಕು. ಕೊಡಗಿನಲ್ಲಿ ಸಾರ್ವಜನಿಕ ನೆಲವೆಂದರೆ ಪೈಸಾರಿ, ದೇವರಕಾಡು, ಮೀಸಲು ಅರಣ್ಯ. ಅರಣ್ಯವನ್ನು ಬೇರೆ ಉದ್ದೇಶಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. ಅದು ಎರಡು ಹಂತದಲ್ಲಿ ಬರುತ್ತದೆ: ಮೊದಲು ತಾತ್ವಿಕ ಒಪ್ಪಿಗೆ, ಷರತ್ತು ಪೂರೈಸಿದ ಬಳಿಕ ಅಂತಿಮ ಒಪ್ಪಿಗೆ. ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ವರ್ಷಗಳು ಉರುಳಬಹುದು. ಇದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಸರ್ಕಾರಿ ಭೂಮಿಯಲ್ಲಿಯೂ ಒಂದೇ ಭೂಶಾಖ ಯೋಜನೆ ಆರು ಬಾರಿಯವರೆಗೆ ಪರಿಸರ ಪರಿಶೀಲನೆಗೆ ಒಳಗಾಗಬಹುದೆಂಬ ದೂರು ಬಹುಕಾಲ ಕೇಳಿಬಂದಿತ್ತು.

ಈ ವಿಳಂಬ ತಗ್ಗಿಸುವ ಯತ್ನಗಳು ನಡೆದಿವೆ. 2023ರ ತಿದ್ದುಪಡಿಯು ಅರಣ್ಯದಲ್ಲಿ ಸಮೀಕ್ಷೆ, ಅನ್ವೇಷಣೆಗಳಿಗೆ ಕೇಂದ್ರದ ಷರತ್ತುಗಳೊಂದಿಗೆ ಸಡಿಲಿಕೆ ನೀಡಲು ಅವಕಾಶ ಮಾಡಿತು. 2025ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಭೂಶಾಖ ನೀತಿಯನ್ನೂ ಪ್ರಕಟಿಸಿತು.

ಆದರೆ ಅನ್ವೇಷಣೆಯೆಂದರೆ ಅಪಾಯವಿಲ್ಲದ ಕೆಲಸವೇನಲ್ಲ. 2022ರಲ್ಲಿ ಪೂಗಾದಲ್ಲಿ ಕೊರೆಯುವಾಗ ಬಿಸಿ ದ್ರವ ಹೊರಚಿಮ್ಮಿ ಪಕ್ಕದ ತೊರೆಯನ್ನು ಸೇರಿತು. ಕೊಡಗಿನ ಹಲವು ತೊರೆಗಳು ಕಾವೇರಿಯನ್ನು ಸೇರುತ್ತವೆ. 2018ರ ಆಗಸ್ಟ್‌ನಲ್ಲಿ ಇಲ್ಲಿನ ಬೆಟ್ಟಗಳು ಕುಸಿದದ್ದೂ ನೆನಪಿದೆ. ಇಂಥ ನೆಲದಲ್ಲಿ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೀರನ್ನೂ ಮಣ್ಣನ್ನೂ ಪರೀಕ್ಷಿಸಲು ತಗಲುವ ಕಾಲ ವ್ಯರ್ಥವಲ್ಲ.

ಹಾಗಾದರೆ ಉಳಿಸಬೇಕಾದ ಕಾಲ ಯಾವುದು? ಕಡತ ಸುಮ್ಮನೆ ಬಿದ್ದಿರುವ ಕಾಲ. ಒಂದೇ ವಿವರವನ್ನು ನಾಲ್ಕು ಕಚೇರಿಗಳು ಬೇರೆ ಬೇರೆಯಾಗಿ ಕೇಳುವುದನ್ನು ನಿಲ್ಲಿಸಬಹುದು. ಪ್ರತಿ ಹಂತಕ್ಕೂ ಗಡುವು ಇಡಬಹುದು. ನೆಲದ ಪರೀಕ್ಷೆಯನ್ನೂ ಊರವರ ಅಹವಾಲನ್ನೂ ಮಾತ್ರ ಬಿಡುವಂತಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಚಟುವಟಿಕೆ: ನಿಮ್ಮ ಊರಿನ ಒಂದು ಗುಡ್ಡವನ್ನು ಆರಿಸಿಕೊಳ್ಳಿ. ಅದರ ಪಹಣಿಯಲ್ಲಿ ಯಾರ ಹೆಸರಿದೆ? ಅಲ್ಲಿ ಹುಟ್ಟುವ ತೊರೆಯ ನೀರನ್ನು ಯಾರು ಬಳಸುತ್ತಾರೆ? ಎರಡನ್ನೂ ಬರೆದಿಟ್ಟುಕೊಂಡು, ಅಲ್ಲಿ ಬಾವಿ ಕೊರೆಯಲು ಯಾರ ಯಾರ ಒಪ್ಪಿಗೆ ಬೇಕೆಂದು ತರಗತಿಯಲ್ಲಿ ಚರ್ಚಿಸಿ.