ಒಂದೇ ಮನೆ, ಎರಡು ಪಕ್ಷ

ಐ.ಪಿ.ಎಲ್. ಕ್ರಿಕೆಟ್ ಬಂತೆಂದರೆ ಅಬಿಡ್ಸ್‌ನ ನಮ್ಮ ಕನ್ನಡ ಮನೆಗಳಲ್ಲಿ ಎರಡು ಪಕ್ಷ. ಹಿರಿಯರದು ಬೆಂಗಳೂರು; ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳದು ಹೈದರಾಬಾದು. ಫೈನಲ್ ಪಂದ್ಯಗಳಲ್ಲಿ ಬೆಂಗಳೂರನ್ನು 2009ರಲ್ಲಿ ಡೆಕ್ಕನ್ ಚಾರ್ಜರ್ಸ್ 6 ರನ್ನುಗಳಿಂದಲೂ, 2016ರಲ್ಲಿ ಸನ್‌ರೈಸರ್ಸ್ 8 ರನ್ನುಗಳಿಂದಲೂ ಸೋಲಿಸಿದ್ದು ಮಕ್ಕಳಿಗೆ ಬಾಯಿಪಾಠ. ಎರಡನೆಯದಂತೂ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ! ಹಿರಿಯರು ಬಿಟ್ಟಾರೆಯೇ? 2009ರಲ್ಲಿ ತಂಡ ಸೋತರೂ 16 ರನ್ನಿಗೆ 4 ವಿಕೆಟ್ ಕಿತ್ತು ಪಂದ್ಯಪುರುಷರೆನಿಸಿದವರು ನಮ್ಮ ಅನಿಲ್ ಕುಂಬ್ಳೆಯವರಲ್ಲವೇ ಎನ್ನುತ್ತಾರೆ.

“ಹಾಗಾದರೆ ಕನ್ನಡಿಗ ಕೆ.ಎಲ್. ರಾಹುಲ್ 2014-15ರಲ್ಲಿ ಹೈದರಾಬಾದಿನ ಪರ ಆಡಿದಾಗ ನೀವು ಯಾರ ಕಡೆ, ತಾತ?” ಎಂಬುದು ಮೊಮ್ಮಕ್ಕಳ ಪಾಟೀಸವಾಲು. ಪ್ರಶ್ನೆ ನ್ಯಾಯವಾದುದೇ.

2025ರ ಜೂನ್ 3ರಂದು ಬೆಂಗಳೂರು ಪಂಜಾಬನ್ನು ಸೋಲಿಸಿ ಮೊದಲ ಸಲ ಕಪ್ ಗೆದ್ದಾಗ ಹಿರಿಯರು ಸಿಹಿ ಹಂಚಿದರು. ಮಕ್ಕಳ ಪಕ್ಷದವರೂ ತಿಂದರು. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿಗೆ 11 ಜನ ಬಲಿಯಾದ ಸುದ್ದಿ ಬಂತು. ಆ ರಾತ್ರಿ ಯಾರೂ ಆಟದ ಮಾತೆತ್ತಲಿಲ್ಲ.