ಉಸ್ಮಾನ್ ಸೆಂಬೆನ್: ಚಲಚ್ಚಿತ್ರ ಮತ್ತು ಜನಭಾಷೆ

ಮೂಕರಿಗೆ ಮಾತು ಕೊಡುವುದು ಕಲೆಯ ಧರ್ಮವೆಂದು ನಾವು ಹೇಳುತ್ತ ಬಂದಿದ್ದೇವೆ. ಆದರೆ ಆ ಮಾತು ಯಾವ ಭಾಷೆಯದಾಗಿರಬೇಕೆಂಬುದನ್ನು ವಿಚಾರಿಸುವುದು ವಿರಳ. ಪಶ್ಚಿಮ ಆಫ್ರಿಕದ ಸೆನೆಗಾಲ್ ದೇಶದ ಚಿತ್ರನಿರ್ದೇಶಕ ಉಸ್ಮಾನ್ ಸೆಂಬೆನ್ನನ (1923–2007) ಜೀವಿತಕಾರ್ಯವೆಲ್ಲವೂ ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೆಂದು ನಮಗೆ ತೋರುತ್ತದೆ.

ಬೆಸ್ತನೊಬ್ಬನ ಮಗನಾದ ಸೆಂಬೆನ್ನನ ಶಾಲಾಭ್ಯಾಸವು ಬಾಲ್ಯದಲ್ಲಿಯೇ ನಿಂತುಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದು, ತರುವಾಯ ಮಾರ್ಸೇಲ್ಸ್ ಬಂದರಿನಲ್ಲಿ ಹಡಗಿನ ಸರಕು ಹೊರುವ ಕೂಲಿಯಾದನು. ಆ ಅನುಭವದಿಂದ ಅವನ ಮೊದಲ ಕಾದಂಬರಿ 1956ರಲ್ಲಿ ಹೊರಬಂದಿತು. 1947–48ರ ರೈಲ್ವೆ ಕಾರ್ಮಿಕರ ಮುಷ್ಕರವನ್ನು ಕುರಿತ ಕೃತಿಯು 1960ರಲ್ಲಿ ಪ್ರಕಟವಾಯಿತು. ಇವೆರಡೂ ಫ್ರೆಂಚ್ ಭಾಷೆಯವು. ಯಾರ ಬಾಳನ್ನು ಚಿತ್ರಿಸಿದನೋ ಅವರಲ್ಲಿ ಬಹುಮಂದಿ ಅವನ್ನು ಓದಲಾರರು! ಈ ಅರಿವೇ ಅವನನ್ನು ನಲವತ್ತರ ಸಮೀಪದ ವಯಸ್ಸಿನಲ್ಲಿ ಚಲಚ್ಚಿತ್ರವಿದ್ಯೆ ಕಲಿಯಲು ಮಾಸ್ಕೋ ನಗರಕ್ಕೆ ಕರೆದೊಯ್ದಿತು.

ಆದರೆ ಮಾಧ್ಯಮವು ಬದಲಾದ ಮಾತ್ರಕ್ಕೆ ತೊಡಕು ಬಗೆಹರಿಯಲಿಲ್ಲ. 1963ರ ‘ಬೊರೊಮ್ ಸಾರೆಟ್’ ಚಿತ್ರದಲ್ಲಿ ಡಾಕಾರ್ ನಗರದ ಬಡ ಗಾಡಿಹೊಡೆಯುವವನು ತನ್ನ ಕಷ್ಟವನ್ನು ಫ್ರೆಂಚಿನಲ್ಲಿ ಹೇಳಿಕೊಳ್ಳುತ್ತಾನೆ. 1966ರ ‘ಲಾ ನುವಾರ್ ದ’ ಚಿತ್ರದ ನಾಯಕಿಯು ಫ್ರಾನ್ಸಿನ ಮನೆಯೊಂದರಲ್ಲಿ ಚಾಕರಿಗಿರುವ ನಿರಕ್ಷರ ಯುವತಿ. ಅವಳ ಅಂತರಂಗದ ದುಃಖಕ್ಕೂ ಫ್ರೆಂಚಿನದೇ ಉಡುಪು. ಒಡತಿಯ ಭಾಷೆಯಲ್ಲಿ ದಾಸಿಯು ಅಳಬೇಕಾದ ಈ ವಿಪರ್ಯಾಸವನ್ನು ನಾವು ಗಮನಿಸದಿರಲಾರೆವು.

ಈ ಕಟ್ಟನ್ನು ಹರಿದುದು 1968ರ ‘ಮಂಡಬಿ’. ಇಲ್ಲಿ ಪಾತ್ರಗಳು ವೊಲೊಫ್ ಭಾಷೆಯನ್ನಾಡುತ್ತವೆ. ಪ್ಯಾರಿಸಿನಲ್ಲಿರುವ ಸೋದರಳಿಯನಿಂದ ಇಬ್ರಾಹಿಮನಿಗೆ 25,000 ಫ್ರಾಂಕುಗಳ ಮನಿಯಾರ್ಡರು ಬರುತ್ತದೆ. ಹಣ ಪಡೆಯಲು ಗುರುತಿನ ಚೀಟಿ ಬೇಕು. ಅದಕ್ಕೆ ಜನನಪತ್ರ ಬೇಕು. ಅಕ್ಷರವರಿಯದ ಅವನು ಕಚೇರಿಯಿಂದ ಕಚೇರಿಗೆ ಅಲೆದು, ಕಡೆಗೆ ವಿದ್ಯಾವಂತನಾದ ಬಂಧುವೊಬ್ಬನಿಂದಲೇ ವಂಚಿತನಾಗುತ್ತಾನೆ. ಕಚೇರಿಯ ಫ್ರೆಂಚೂ ಬೀದಿಯ ವೊಲೊಫೂ ಎದುರುಬದುರಾಗಿ ಕೇಳಿಬರುವುದರಿಂದ ಆಡಳಿತಭಾಷೆಯು ಪ್ರಜೆಗೆ ಗೋಡೆಯಾಗುವ ಬಗೆಯು ವ್ಯಾಖ್ಯಾನದ ಹಂಗಿಲ್ಲದೆ ಸ್ಪಷ್ಟವಾಗುತ್ತದೆ. ಆದರೂ ಫ್ರಾನ್ಸಿನ ಧನಸಹಾಯದಿಂದ ತಯಾರಾದ ಈ ಕಥೆಯನ್ನು ಫ್ರೆಂಚಿನಲ್ಲಿಯೂ ಬೇರೆಯಾಗಿ ಚಿತ್ರಿಸಬೇಕಾಯಿತೆಂಬುದು ಸ್ವಾತಂತ್ರ್ಯದ ಮಿತಿಯನ್ನು ಸೂಚಿಸುತ್ತದೆ.

ಸ್ವದೇಶದ ಸರ್ಕಾರವೂ ಅಡ್ಡಿಯಾಗದಿರಲಿಲ್ಲ. 1977ರ ‘ಸೆಡ್ಡೊ’ ಚಿತ್ರವು ಸೆನೆಗಾಲಿನಲ್ಲಿ ನಿಷಿದ್ಧವಾಯಿತು. ಶೀರ್ಷಿಕೆಯಲ್ಲಿ ‘ಡ’ಕಾರದ ದ್ವಿತ್ವವು ಸರ್ಕಾರಿ ಕಾಗುಣಿತಕ್ಕೆ ವಿರುದ್ಧವೆಂಬುದು ಕೊಟ್ಟ ಕಾರಣ. ಅಧ್ಯಕ್ಷ ಸೆಂಗೋರ್ ಸ್ವತಃ ಕವಿ, ಭಾಷಾಪಂಡಿತ. ಸೆಂಬೆನ್ನನು ಅಕ್ಷರವನ್ನು ಬಿಟ್ಟುಕೊಡಲಿಲ್ಲ.

ಅವನ ಕಡೆಯ ಚಿತ್ರ ‘ಮೂಲಾದೆ’ (2004) ಬಂಬಾರ ಭಾಷೆಯದು. ಹುಡುಗಿಯರ ಅಂಗಚ್ಛೇದದ ರೂಢಿಯನ್ನು ತಾಯೊಬ್ಬಳು ತಡೆಯುತ್ತಾಳೆ. ಹಳ್ಳಿಯ ಗಂಡಸರು ಹೆಂಗಸರ ರೇಡಿಯೋಗಳನ್ನು ಕಿತ್ತು ರಾಶಿಹಾಕಿ ಸುಡುತ್ತಾರೆ. ಅಧಿಕಾರವು ಮೊದಲು ಅಂಜುವುದು ಜನರ ಕಿವಿಗೆ ಬೀಳುವ ಮಾತಿಗೆ ಎಂಬುದನ್ನು ಈ ದೃಶ್ಯವು ತೋರುತ್ತದೆ. ಸೆಂಬೆನ್ನನು ಚಲಚ್ಚಿತ್ರವನ್ನು ರಾತ್ರಿಶಾಲೆಯೆಂದು ಕರೆಯುತ್ತಿದ್ದನು. ಶಾಲೆಯೆಂದ ಮೇಲೆ ಪಾಠವು ಕಲಿಯುವವರ ನುಡಿಯಲ್ಲಿಯೇ ನಡೆಯಬೇಕಷ್ಟೆ.